ಹಗ್ಗ ಸಡಿಲವಾಯಿತು, ಭಾರ ಇಳಿದಿರಲಿಲ್ಲ: ಸ್ಯಾನ್ ಒನೊಫ್ರೆಯ ಕ್ಯಾನಿಸ್ಟರ್ ಪ್ರಕರಣ

ಬಾವಿಯಿಂದ ನೀರು ಸೇದಿದವರಿಗೆ ಇದು ಗೊತ್ತಿರುತ್ತದೆ. ಕೊಡ ಇಳಿಸುತ್ತಾ ಹೋಗುತ್ತೇವೆ. ಕೈಗೆ ಭಾರ ತಿಳಿಯುತ್ತಿರುತ್ತದೆ. ಇದ್ದಕ್ಕಿದ್ದಂತೆ ಹಗ್ಗ ಸಡಿಲವಾಗುತ್ತದೆ. ಕೊಡ ನೀರು ಮುಟ್ಟಿತು ಅಂದುಕೊಳ್ಳುತ್ತೇವೆ. ಬಗ್ಗಿ ನೋಡಿದರೆ ಅದು ಗೋಡೆಯಿಂದ ಚಾಚಿಕೊಂಡ ಒಂದು ಕಲ್ಲಿನ ಮೇಲೆ ಓರೆಯಾಗಿ ಕೂತಿರುತ್ತದೆ. ಬಗ್ಗಿ ನೋಡದೆ ಹಗ್ಗ ಬಿಡುತ್ತಲೇ ಹೋದರೆ ಏನಾಗುತ್ತದೆ? ಕೊಡ ಜಾರಿದ ಕ್ಷಣ ಅದನ್ನು ಹಿಡಿಯಲು ಯಾರೂ ಇರುವುದಿಲ್ಲ. ಹಗ್ಗ ಕೈಯಲ್ಲೇ ಇರುತ್ತದೆ, ಆದರೆ ಇದ್ದೂ ಇಲ್ಲದ ಹಾಗೆ.

2018ರ ಆಗಸ್ಟ್ 3ರಂದು, ಶುಕ್ರವಾರ, ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಒನೊಫ್ರೆ ಅಣುಸ್ಥಾವರದಲ್ಲಿ ಇದೇ ನಡೆಯಿತು. ಕೊಡದ ಜಾಗದಲ್ಲಿ ಬಳಸಿದ ಅಣು ಇಂಧನ ತುಂಬಿದ, ಸುಮಾರು 45 ಟನ್ ತೂಕದ ಸ್ಟೀಲ್ ಕ್ಯಾನಿಸ್ಟರ್ ಇತ್ತು. ಕೆಳಗೆ ಸುಮಾರು 18 ಅಡಿ ಖಾಲಿ ಜಾಗ ಇತ್ತು.

ಸ್ಥಳ, ದಿನಾಂಕ, ತನಿಖೆಯ ಫಲ ಎಲ್ಲ ಸಾರ್ವಜನಿಕ ದಾಖಲೆಯಲ್ಲಿವೆ. ಆದರೆ ಅಲ್ಲಿ ಕೆಲಸ ಮಾಡುತ್ತಿದ್ದವರ ಹೆಸರು ನಮಗೆ ಬೇಕಿಲ್ಲ. ಅವರನ್ನು ಅವರವರ ಕೆಲಸದಿಂದಲೇ ಗುರುತಿಸುತ್ತೇನೆ. ಕಂಪನಿಗಳ ಹೆಸರನ್ನೂ ಬಿಟ್ಟಿದ್ದೇನೆ. ಭಾರ ಎತ್ತಿ ಇಳಿಸುವ ಕೆಲಸ ಇರುವ ಎಲ್ಲ ಕಡೆಯೂ ಇದೇ ತಪ್ಪು ಆಗಬಹುದು. ಆದ್ದರಿಂದ ಯಾರು ಮಾಡಿದರು ಅನ್ನುವುದಕ್ಕಿಂತ ಹೇಗೆ ಆಯಿತು ಅನ್ನುವುದೇ ನನಗೆ ಮುಖ್ಯ.

ಹಿನ್ನೆಲೆ

ಸ್ಯಾನ್ ಒನೊಫ್ರೆ ಇರುವುದು ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೊ ನಗರಗಳ ನಡುವೆ. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ದೊಡ್ಡ ಹೆದ್ದಾರಿ. ಹಬೆ ಉತ್ಪಾದಿಸುವ ಯಂತ್ರದ ಕೊಳವೆಗಳಲ್ಲಿ ತೊಂದರೆ ಬಂದು 2012ರ ಜನವರಿಯಲ್ಲಿ ರಿಯಾಕ್ಟರುಗಳು ನಿಂತವು. 2013ರ ಜೂನ್‌ನಲ್ಲಿ ಸ್ಥಾವರವನ್ನು ಶಾಶ್ವತವಾಗಿ ಮುಚ್ಚುವ ತೀರ್ಮಾನವಾಯಿತು. ರಿಯಾಕ್ಟರ್ ನಿಂತರೂ ಬಳಸಿದ ಇಂಧನ ಅಲ್ಲೇ ಉಳಿಯಿತು. ಅದನ್ನು ಹೂಳಲು ಅಮೆರಿಕದಲ್ಲಿ ಶಾಶ್ವತ ಜಾಗವೇ ಇಲ್ಲ.

ಬಳಸಿದ ಇಂಧನವನ್ನು ಮೊದಲ ಕೆಲವು ವರ್ಷ ಆಳವಾದ ನೀರಿನ ಕೊಳದಲ್ಲಿ ಇಡುತ್ತಾರೆ. ಬಿಸಿ ಇಳಿದ ಮೇಲೆ ನೀರಿಲ್ಲದ ಒಣ ಸಂಗ್ರಹಕ್ಕೆ ಸಾಗಿಸುತ್ತಾರೆ. ಇಲ್ಲಿ ಆರಿಸಿಕೊಂಡ ವಿಧಾನ ಹೀಗಿತ್ತು. ಇಂಧನದ 37 ಕಟ್ಟುಗಳನ್ನು ಒಂದು ಸ್ಟೇನ್‌ಲೆಸ್ ಸ್ಟೀಲ್ ಕ್ಯಾನಿಸ್ಟರ್‌ನಲ್ಲಿ ಇಟ್ಟು ಮುಚ್ಚಳವನ್ನು ವೆಲ್ಡ್ ಮಾಡುವುದು. ಅದನ್ನು ಕಾಂಕ್ರೀಟ್ ಹಾಸಿನೊಳಗೆ ಮಾಡಿದ ಬಾವಿಯಂಥ ಗುಳಿಯಲ್ಲಿ ನಿಲ್ಲಿಸುವುದು. ಮೇಲೆ ಭಾರಿ ಮುಚ್ಚಳ. ಒಳಗೆ ಗಾಳಿ ಸುಳಿದಾಡಿ ತಂಪು ಮಾಡುತ್ತದೆ. ಫ್ಯಾನ್ ಬೇಡ, ಕರೆಂಟ್ ಬೇಡ. ಇಂಥ 73 ಕ್ಯಾನಿಸ್ಟರ್‌ಗಳನ್ನು ಇಳಿಸಬೇಕಿತ್ತು. 2018ರ ಜನವರಿಯಲ್ಲಿ ಕೆಲಸ ಶುರುವಾಯಿತು. ಆಗಸ್ಟ್ 3ರಂದು ಇಳಿಸಲು ಹೊರಟಿದ್ದು 29ನೆಯದು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಇಡೀ ಪ್ರಕರಣ ಅದರ ಮೇಲೆಯೇ ನಿಂತಿದೆ.

ಅಣು ಇಂಧನದ ಪೆಟ್ಟಿಗೆ ಅಂದ ಕೂಡಲೇ ನಮಗೆ ನೆನಪಾಗುವುದು ರೈಲು ಡಿಕ್ಕಿ ಹೊಡೆಸಿದ ಆ ಹಳೆಯ ದೃಶ್ಯ. 1984ರ ಜುಲೈ 17ರಂದು ಇಂಗ್ಲೆಂಡಿನ ಓಲ್ಡ್ ಡಾಲ್ಬಿ ಪರೀಕ್ಷಾ ಹಳಿಯ ಮೇಲೆ ಅದನ್ನು ಮಾಡಿ ತೋರಿಸಿದರು. ಚಾಲಕನಿಲ್ಲದ ಎಂಜಿನ್, ಹಿಂದೆ ಮೂರು ಬೋಗಿ, ಗಂಟೆಗೆ 160 ಕಿಲೋಮೀಟರ್ ವೇಗ. ಹಳಿಗೆ ಅಡ್ಡವಾಗಿ ಸುಮಾರು 50 ಟನ್ನಿನ ಇಂಧನ ಪೆಟ್ಟಿಗೆ. ಏಟು ಮುಚ್ಚಳದ ಅಂಚಿಗೇ ಬೀಳುವಂತೆ ಇಟ್ಟಿದ್ದರು, ಯಾಕೆಂದರೆ ಪೆಟ್ಟಿಗೆಯ ಸೂಕ್ಷ್ಮ ಜಾಗ ಅದೇ. ಎಂಜಿನ್ ನುಜ್ಜುಗುಜ್ಜಾಯಿತು. ಪೆಟ್ಟಿಗೆಯ ಒಳಗಿನ ಒತ್ತಡ ಹೆಚ್ಚುಕಮ್ಮಿ ಹಾಗೇ ಉಳಿಯಿತು, ಅಂದರೆ ಅದು ಒಡೆದಿರಲಿಲ್ಲ. ನೋಡಿದವರಿಗೆ ಧೈರ್ಯ ಬಂತು.

ಆದರೆ ಎಂಜಿನಿಯರುಗಳ ಲೆಕ್ಕದಲ್ಲಿ ಅದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿದೆ. ನೋಡಲು ಅದರಲ್ಲಿ ಏನೂ ರೋಚಕತೆ ಇಲ್ಲ. ಪೆಟ್ಟಿಗೆಯನ್ನು 9 ಮೀಟರ್ ಎತ್ತರದಿಂದ, ಸ್ವಲ್ಪವೂ ಬಗ್ಗದ ನೆಲದ ಮೇಲೆ ಬೀಳಿಸುವುದು. ಆಮೇಲೆ 1 ಮೀಟರ್ ಎತ್ತರದಿಂದ ಸ್ಟೀಲ್ ಗೂಟದ ಮೇಲೆ ಬೀಳಿಸುವುದು. ಆಮೇಲೆ 800 ಡಿಗ್ರಿ ಬೆಂಕಿಯಲ್ಲಿ 30 ನಿಮಿಷ. ಇದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ನಿಯಮ. 9 ಮೀಟರ್‌ನಿಂದ ಬಿದ್ದದ್ದು ನೆಲ ಮುಟ್ಟುವಾಗ ಗಂಟೆಗೆ ಸುಮಾರು 48 ಕಿಲೋಮೀಟರ್ ವೇಗದಲ್ಲಿರುತ್ತದೆ. ಇಷ್ಟೇನಾ ಅನ್ನಿಸಬಹುದು. ಆದರೆ ರೈಲು ಎಂಜಿನ್ ತಾನೇ ಮುದ್ದೆಯಾಗಿ ಏಟಿನ ದೊಡ್ಡ ಪಾಲನ್ನು ನುಂಗಿಬಿಡುತ್ತದೆ. ಬಗ್ಗದ ನೆಲ ಏನನ್ನೂ ನುಂಗುವುದಿಲ್ಲ, ಪೂರ್ತಿ ಏಟು ಪೆಟ್ಟಿಗೆಗೇ. ನಮ್ಮ ಕೈಗಾದವರೂ ಸೇರಿ ಅಣುಸ್ಥಾವರದ ಹತ್ತಿರ ಇರುವ ಯಾರೇ ಆಗಲಿ, ಸಾಗಣೆ ಪೆಟ್ಟಿಗೆ ಎಷ್ಟು ಗಟ್ಟಿ ಎಂದು ಕೇಳುವಾಗ ರೈಲಿನ ಚಿತ್ರಕ್ಕಿಂತ ಈ 9 ಮೀಟರ್ ಲೆಕ್ಕವನ್ನೇ ಕೇಳುವುದು ಒಳ್ಳೆಯದು.

ಈಗ ಸ್ಯಾನ್ ಒನೊಫ್ರೆಗೆ ಬರೋಣ. ಈ ಪರೀಕ್ಷೆಗಳೆಲ್ಲ ಇರುವುದು ರಸ್ತೆ, ರೈಲಿನ ಮೇಲೆ ಸಾಗಿಸುವ ದಪ್ಪ ಗೋಡೆಯ ಪೆಟ್ಟಿಗೆಗೆ. ಸಾಮಾನ್ಯವಾಗಿ ಅದರ ಎರಡೂ ತುದಿಗೆ ಏಟು ಹೀರುವ ದಪ್ಪ ಮೆತ್ತೆ ಇರುತ್ತದೆ. ಗುಳಿಗೆ ಇಳಿಯುತ್ತಿದ್ದ ಕ್ಯಾನಿಸ್ಟರ್ ಅದಲ್ಲ. ಅದರ ಗೋಡೆಯ ದಪ್ಪ 0.625 ಇಂಚು, ಅಂದರೆ ಸುಮಾರು 16 ಮಿಲಿಮೀಟರ್. ಇಳಿಯುವಾಗ ಅದಕ್ಕೆ ಮೆತ್ತೆ ಇಲ್ಲ. ಗುಳಿಯವರೆಗೆ ತರುವಾಗ ಸುತ್ತ ಇದ್ದ ದಪ್ಪ ಕವಚ ಮೇಲೆಯೇ ಉಳಿದಿರುತ್ತದೆ. ಇಲ್ಲಿನ ರಕ್ಷಣೆಯೇ ಬೇರೆ. ಬಿದ್ದರೂ ತಡೆದುಕೊಳ್ಳುತ್ತದೆ ಅನ್ನುವುದು ಇಲ್ಲಿಯ ನಂಬಿಕೆ ಅಲ್ಲ. ಬೀಳಲು ಬಿಡುವುದೇ ಇಲ್ಲ ಅನ್ನುವುದು ನಂಬಿಕೆ. ಎತ್ತುವ ಯಂತ್ರದಲ್ಲಿ ಒಂದು ಭಾಗ ಕೈಕೊಟ್ಟರೂ ಇನ್ನೊಂದು ಹಿಡಿಯಬೇಕು. ಕ್ಯಾನಿಸ್ಟರನ್ನು ಹಿಡಿದು ಇಳಿಸುವ ಬೆಲ್ಟುಗಳು ಅದಕ್ಕೆ ತಕ್ಕಷ್ಟು ಗಟ್ಟಿ ಇರಬೇಕು. ಹೀಗಾಗಿ ಕ್ಯಾನಿಸ್ಟರ್ ಗುಳಿಯೊಳಗೆ ಬಿದ್ದರೆ ಏನು ಎಂಬ ಲೆಕ್ಕವೇ ಆ ವ್ಯವಸ್ಥೆಯ ಸುರಕ್ಷತಾ ವರದಿಯಲ್ಲಿ ಇರಲಿಲ್ಲ.

ಇದು ತಪ್ಪು ಆಯ್ಕೆ ಅಂತ ನಾನು ಹೇಳುವುದಿಲ್ಲ. ಭಾರಿ ಸಾಮಾನು ಎತ್ತುವ ಎಷ್ಟೋ ಕಡೆ ಇದೇ ಸರಿಯಾದ ದಾರಿ. ಆದರೆ ಈ ದಾರಿ ಹಿಡಿದ ಮೇಲೆ ಬೆಲ್ಟಿನಲ್ಲಿ ಭಾರ ಇದೆಯೋ ಇಲ್ಲವೋ ಎಂದು ಪ್ರತಿ ಕ್ಷಣ ನೋಡಲೇಬೇಕು. ಬೆಲ್ಟ್ ಸಡಿಲವಾದರೆ ರಕ್ಷಣೆಯೂ ಅಲ್ಲಿಗೇ ಮುಗಿಯಿತು.

ಆ ದಿನ

ಕ್ಯಾನಿಸ್ಟರ್ ಒಂದು ದಪ್ಪ ಕವಚದೊಳಗೆ ಗುಳಿಯ ಮೇಲೆ ಬಂದು ನಿಂತಿತು. ಸಾಗಿಸುವ ಯಂತ್ರದಿಂದ ಇಳಿಬಿಟ್ಟ ಬೆಲ್ಟುಗಳು ಅದನ್ನು ಹಿಡಿದಿದ್ದವು. ಕೆಳಗಿನ ಬಾಗಿಲು ತೆರೆಯಿತು. ಇಳಿಸುವ ಕೆಲಸ ಶುರುವಾಯಿತು. ವಿಕಿರಣ ಇರುವುದರಿಂದ ಕೆಲಸಗಾರರು ದೂರ ನಿಲ್ಲಬೇಕು. ಭಾರ ಇಳಿಸುವ ತಂಡದ ಮುಖ್ಯಸ್ಥ ಎತ್ತುವ ತೊಟ್ಟಿಲಲ್ಲಿ ನಿಂತು ಮೇಲಿನಿಂದ ನೋಡುತ್ತಿದ್ದ. ಯಂತ್ರ ನಡೆಸುವವನು ತನ್ನ ಜಾಗದಲ್ಲಿದ್ದ. ಕ್ಯಾನಿಸ್ಟರ್ ಕವಚದೊಳಗಿದ್ದುದರಿಂದ ಅದು ಎಲ್ಲಿಗೆ ಬಂತು ಎಂದು ಯಾರಿಗೂ ಕಣ್ಣಾರೆ ಕಾಣುತ್ತಿರಲಿಲ್ಲ.

ಗುಳಿಯ ಮೇಲ್ಭಾಗದಲ್ಲಿ ವಿಕಿರಣ ತಡೆಯುವ ಒಂದು ಸ್ಟೀಲ್ ಬಳೆ ಇದೆ. ಕ್ಯಾನಿಸ್ಟರ್‌ನ ತಳದ ಅಂಚು ಅದರ ಮೇಲೆ ಕೂತುಬಿಟ್ಟಿತು. ಭಾರವೆಲ್ಲ ಬಳೆಯ ಮೇಲೆ ಹೋಯಿತು. ಯಂತ್ರ ಬೆಲ್ಟುಗಳನ್ನು ಇಳಿಸುತ್ತಲೇ ಇತ್ತು. ಬೆಲ್ಟುಗಳು ಸಡಿಲವಾದವು. ತಂಡ ಅದನ್ನು ನೋಡಿತು. ಕ್ಯಾನಿಸ್ಟರ್ ತಳ ಮುಟ್ಟಿತು ಎಂದುಕೊಂಡಿತು.

ತಿರುವು ಅಂದರೆ ಇದೇ. ಸಡಿಲ ಬೆಲ್ಟಿಗೆ ಎರಡು ಅರ್ಥ ಇದೆ. ಒಂದು, ಕೆಲಸ ಮುಗಿಯಿತು. ಇನ್ನೊಂದು, ಅಪಾಯ ಶುರುವಾಯಿತು. ಎರಡೂ ಕಣ್ಣಿಗೆ ಕಾಣುವುದು ಒಂದೇ ಥರ. ಯಾವುದು ನಿಜ ಎಂದು ತಿಳಿಯಬೇಕಾದರೆ, ಎಷ್ಟು ಅಡಿ ಇಳಿದಾಗ ಭಾರ ಹೋಯಿತು ಎಂದು ಯಾರಾದರೂ ಗಮನಿಸುತ್ತಿರಬೇಕು. ತಳ ಮುಟ್ಟಬೇಕಾದಲ್ಲಿ ಭಾರ ಹೋದರೆ ಸರಿ. ಅದಕ್ಕೆ 18 ಅಡಿ ಮುಂಚೆಯೇ ಹೋದರೆ ಎಲ್ಲೋ ಸಿಕ್ಕಿಕೊಂಡಿದೆ ಎಂದೇ ಅರ್ಥ. ಆ ಕ್ಷಣದಲ್ಲಿ ಭಾರದ ಲೆಕ್ಕವನ್ನು ಯಾರೂ ನೋಡಲಿಲ್ಲ.

ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಷ್ಟು ಹೊತ್ತು ಕ್ಯಾನಿಸ್ಟರ್ ಹಾಗೇ ಕೂತಿತ್ತು. ಕಾಲು ಇಂಚಿನಷ್ಟು ಅಂಚಿನ ಆಧಾರದ ಮೇಲೆ ನಿಂತಿತ್ತು ಎಂದು ಆಮೇಲೆ ಒಬ್ಬ ಕೆಲಸಗಾರ ಹೇಳಿದ.

ಇದನ್ನು ಹಿಡಿದದ್ದು ವಿಕಿರಣ ಅಳೆಯುವ ತಂತ್ರಜ್ಞ. ಕ್ಯಾನಿಸ್ಟರ್ ತಳಕ್ಕೆ ಹೋಗಿದ್ದರೆ ಮೇಲೆ ವಿಕಿರಣದ ಅಂಕಿ ಇಳಿಯಬೇಕಿತ್ತು. ಅವನ ಉಪಕರಣ ಬೇರೆಯೇ ಹೇಳುತ್ತಿತ್ತು. ಇದು ಕೆಳಗೆ ಹೋದ ಕ್ಯಾನಿಸ್ಟರ್‌ನ ಅಂಕಿ ಅಲ್ಲ ಎಂದು ಅವನು ಎಚ್ಚರಿಸಿದ. ಆಗ ತಂಡ ತಿರುಗಿ ನೋಡಿತು. ಬೆಲ್ಟುಗಳನ್ನು ಮತ್ತೆ ಎತ್ತಿ ಭಾರ ಹಿಡಿದರು. ಕ್ಯಾನಿಸ್ಟರನ್ನು ಸರಿಪಡಿಸಿ ನೇರ ಮಾಡಿದರು. ಆಮೇಲೆ ಅದು ಸರಿಯಾಗಿ ಇಳಿಯಿತು. ವಿಕಿರಣ ಹೊರಬರಲಿಲ್ಲ. ಯಾರಿಗೂ ಗಾಯವಾಗಲಿಲ್ಲ.

ಈ ತಂತ್ರಜ್ಞನ ಬಗ್ಗೆ ನನಗೆ ತುಂಬ ಗೌರವ ಇದೆ. ಅವನ ಕೆಲಸ ಭಾರ ನೋಡುವುದಲ್ಲ. ತನ್ನ ಅಂಕಿ ಬರೆದುಕೊಂಡು ಸುಮ್ನೆ ಇರಬಹುದಿತ್ತು. ಇಳಿಸಿದ್ದೇವೆ ಎಂದು ಇಡೀ ತಂಡ ನಂಬಿದ ಹೊತ್ತಿನಲ್ಲಿ, ಇಲ್ಲ ಎಂದು ಹೇಳುವುದು ಸುಲಭವಲ್ಲ ಅಲ್ವಾ?

ಗೊತ್ತಾದ ಮೇಲೆ ಏನು ಮಾಡಿದರು

ಸ್ಥಾವರದ ಕಂಪನಿ ಇಳಿಸುವ ಕೆಲಸವನ್ನು ನಿಲ್ಲಿಸಿತು. ಅದು ಒಳ್ಳೆಯ ತೀರ್ಮಾನ. ಆದರೆ ಇನ್ನೊಂದು ತೀರ್ಮಾನ ದುಬಾರಿಯಾಯಿತು. ರಕ್ಷಣೆಯ ಉಪಕರಣ ಕೆಲಸ ಮಾಡದೆ ಹೋದರೆ 24 ಗಂಟೆಯೊಳಗೆ ಅಣು ನಿಯಂತ್ರಣ ಆಯೋಗಕ್ಕೆ ವರದಿ ಮಾಡಬೇಕು. ಕಂಪನಿ ಸೋಮವಾರ, ಆಗಸ್ಟ್ 6ರಂದು, ಅನೌಪಚಾರಿಕವಾಗಿ ತಿಳಿಸಿತು. ನಿಯಮದ ಪ್ರಕಾರ ವರದಿ ಹೋಗಿದ್ದು ಸೆಪ್ಟೆಂಬರ್ 14ಕ್ಕೆ. ಬೆಲ್ಟ್ ಮುರಿದಿಲ್ಲ, ಯಂತ್ರ ಕೆಟ್ಟಿಲ್ಲ. ಹಾಗಿದ್ದ ಮೇಲೆ ಉಪಕರಣ ಕೆಲಸ ಮಾಡಲಿಲ್ಲ ಎಂದು ಹೇಳಬೇಕೇ ಎಂಬ ಪ್ರಶ್ನೆ ಏಳುವುದು ಸಹಜ. ಆಯೋಗದ ಉತ್ತರ ನೇರವಾಗಿತ್ತು. ಬೆಲ್ಟ್ ಗಟ್ಟಿ ಇದ್ದರೆ ಸಾಲದು, ಭಾರ ಹಿಡಿದಿರಬೇಕು. ಹಿಡಿಯದೆ ಹೋದರೆ ಅದು ಇಲ್ಲದಂತೆಯೇ.

ಊರಿನವರಿಗೆ ವಿಷಯ ತಿಳಿದದ್ದು ಬೇರೆ ದಾರಿಯಿಂದ. ಆಗಸ್ಟ್ 9ರಂದು ಸ್ಥಳೀಯರ ಜತೆ ಒಂದು ಸಾರ್ವಜನಿಕ ಸಭೆ ಇತ್ತು. ಗುತ್ತಿಗೆಯ ಮೇಲೆ ಅಲ್ಲಿ ಕಾರ್ಮಿಕ ಸುರಕ್ಷತೆಯ ಕೆಲಸ ಮಾಡುತ್ತಿದ್ದ ಒಬ್ಬ ವ್ಯಕ್ತಿ ಮೈಕಿನ ಮುಂದೆ ನಿಂತ. ಶುಕ್ರವಾರ ಏನು ನಡೆಯಿತು ಎಂದು ಹೇಳಿದ. 18 ಅಡಿ ಬೀಳಬಹುದಿತ್ತು ಎಂದ. ಸಭೆಯಲ್ಲಿ ಇದ್ದವರಿಗೆ ಆಘಾತವಾಯಿತು. ಅಲ್ಲಿಯವರೆಗೆ ಅವರು ಉಪ್ಪು ಗಾಳಿಯಲ್ಲಿ ಸ್ಟೀಲ್ ಬಿರುಕು ಬಿಡುತ್ತದೆಯೇ, ಭೂಕಂಪ ಆದರೆ ಏನು, ಸುನಾಮಿ ಬಂದರೆ ಏನು ಎಂದು ಕೇಳುತ್ತಿದ್ದರು. ಎಲ್ಲ ನ್ಯಾಯವಾದ ಪ್ರಶ್ನೆಗಳೇ. ಆದರೆ ಇಳಿಸುವಾಗ ಬೆಲ್ಟಿನ ಮೇಲೆ ಕಣ್ಣಿಟ್ಟವರು ಯಾರು ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಇರಲಿಲ್ಲ.

ಕಂಪನಿಯೇ ಮೊದಲು ಹೇಳಿದ್ದರೆ? ತಪ್ಪು ಆಗಿದೆ, ಹೀಗೆ ಆಗಿದೆ, ಕೆಲಸ ನಿಲ್ಲಿಸಿದ್ದೇವೆ ಎಂದು ಅದೇ ಸಭೆಯಲ್ಲಿ ಎದ್ದು ಹೇಳಿದ್ದರೆ ಮುಂದಿನ ಅಪನಂಬಿಕೆ ಅಷ್ಟು ಬೆಳೆಯುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಆಮೇಲೆ ಎಷ್ಟು ಲೆಕ್ಕ ತೋರಿಸಿದರೂ, ಇನ್ನೇನು ಮುಚ್ಚಿಟ್ಟಿದ್ದೀರಿ ಎಂಬ ಮಾತಿಗೆ ಲೆಕ್ಕ ಉತ್ತರವಾಗುವುದಿಲ್ಲ.

ತನಿಖೆ ತೆರೆದಿಟ್ಟದ್ದು

ಸೆಪ್ಟೆಂಬರ್‌ನಲ್ಲಿ ಆಯೋಗದ ವಿಶೇಷ ತನಿಖಾ ತಂಡ ಬಂತು. ಅದು ಕಂಡದ್ದು ಒಬ್ಬ ಆಪರೇಟರ್‌ನ ಮೈಮರೆವು ಮಾತ್ರ ಅಲ್ಲ. ತರಬೇತಿ ಸಾಕಾಗಿರಲಿಲ್ಲ. ಕೆಲಸದ ಕ್ರಮವನ್ನು ಬರೆದ ಕಾಗದದಲ್ಲಿ ಭಾರ ಹೇಗೆ ನೋಡಬೇಕು, ಸಿಕ್ಕಿಕೊಂಡರೆ ಏನು ಮಾಡಬೇಕು ಎಂಬುದು ಸ್ಪಷ್ಟವಾಗಿರಲಿಲ್ಲ. ಗುತ್ತಿಗೆದಾರರ ಮೇಲೆ ಸ್ಥಾವರದ ಉಸ್ತುವಾರಿ ಸಡಿಲವಾಗಿತ್ತು.

ಇನ್ನೂ ಒಂದು ವಿಷಯ ಹೊರಬಂತು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದಲ್ಲಿ ಅತಿ ನೋವಿನದು ಇದೇ. ಜುಲೈ 22ರಂದು, ಅಂದರೆ 12 ದಿನ ಮುಂಚೆ, ಇನ್ನೊಂದು ಕ್ಯಾನಿಸ್ಟರ್ ಇಳಿಸುವಾಗಲೂ ಜೋಡಣೆ ಸರಿಹೋಗದೆ ತೊಂದರೆಯಾಗಿತ್ತು. ಅದನ್ನು ಹೇಗೋ ಸರಿಪಡಿಸಿ ಮುಂದೆ ಹೋಗಿದ್ದರು. ಅದನ್ನು ದೋಷ ಎಂದು ದಾಖಲಿಸಿ, ಕಾರಣ ಹುಡುಕಿ, ಮುಂದಿನ ತಂಡಕ್ಕೆ ಎಚ್ಚರಿಕೆ ಕೊಡುವ ಕೆಲಸ ಆಗಲಿಲ್ಲ. ಜಾಗ ಬಿಗಿ, ಸ್ವಲ್ಪ ಅತ್ತಿತ್ತ ಮಾಡಿದರೆ ಇಳಿಯುತ್ತದೆ ಎಂಬುದು ದಿನದ ಅಭ್ಯಾಸವಾಗಿಬಿಟ್ಟರೆ, ಆ ಅಭ್ಯಾಸವೇ ಮುಂದಿನ ಅಪಾಯವನ್ನು ಮುಚ್ಚಿಬಿಡುತ್ತದೆ. ಆ ದಿನ ಯಾರಾದರೂ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದಿದ್ದರೆ ಆಗಸ್ಟ್ 3 ಬೇರೆ ಥರ ಇರುತ್ತಿತ್ತೇನೋ.

2019ರ ಮಾರ್ಚ್‌ನಲ್ಲಿ ಆಯೋಗ ಎರಡು ಉಲ್ಲಂಘನೆಗಳನ್ನು ಹೊರಿಸಿ 1,16,000 ಡಾಲರ್ ದಂಡ ಹಾಕಿತು. ಒಂದು, ಬೀಳದಂತೆ ತಡೆಯುವ ಎರಡನೇ ಆಧಾರ ಇಲ್ಲದಂತೆ ಮಾಡಿದ್ದಕ್ಕೆ. ಇನ್ನೊಂದು, ಸಮಯಕ್ಕೆ ವರದಿ ಮಾಡದ್ದಕ್ಕೆ. ದಂಡದ ಮೊತ್ತಕ್ಕಿಂತ ಕೆಲಸ ಸುಮಾರು ಒಂದು ವರ್ಷ ನಿಂತದ್ದೇ ದೊಡ್ಡ ಪೆಟ್ಟು.

ಬಿದ್ದಿದ್ದರೆ?

ಎಲ್ಲರೂ ಕೇಳಿದ ಪ್ರಶ್ನೆ ಇದು. ಮೊದಲು ಇಲ್ಲದ ಲೆಕ್ಕವನ್ನು ಆಮೇಲೆ ಮಾಡಿದರು. 45 ಟನ್ ಭಾರ 18 ಅಡಿ ಬಿದ್ದರೆ ತಳ ಮುಟ್ಟುವಾಗ ವೇಗ ಗಂಟೆಗೆ ಸುಮಾರು 37 ಕಿಲೋಮೀಟರ್. ಕ್ಯಾನಿಸ್ಟರ್ ಮಾಡಿದ ಕಂಪನಿ ಅದಕ್ಕಿಂತ ಜಾಸ್ತಿ, 25 ಅಡಿ ಎತ್ತರವನ್ನು ಹಿಡಿದು ಲೆಕ್ಕ ಹಾಕಿತು. ಗೋಡೆ ಒಡೆಯುವುದಿಲ್ಲ, ಒಳಗಿನದು ಹೊರಗೆ ಬರುವುದಿಲ್ಲ ಎಂದು ಬಂತು. ಆಯೋಗವೂ ಅದೇ ತೀರ್ಮಾನಕ್ಕೆ ಬಂತು.

ಇದನ್ನು ನಾನು ನಂಬುತ್ತೇನೆ. ಸ್ಟೇನ್‌ಲೆಸ್ ಸ್ಟೀಲ್ ಹಿಗ್ಗಿ ಬಗ್ಗುವ ಲೋಹ, ಗಾಜಿನಂತೆ ಚೂರಾಗುವುದಿಲ್ಲ. ಆದರೆ ಒಡೆಯುತ್ತಿರಲಿಲ್ಲ ಎನ್ನುವಲ್ಲಿಗೆ ಮಾತು ಮುಗಿಯುವುದಿಲ್ಲ. ತಳ ನಗ್ಗಿದ, ಒಳಗಿನ ಇಂಧನದ ಸ್ಥಿತಿ ಗೊತ್ತಿಲ್ಲದ ಕ್ಯಾನಿಸ್ಟರ್ ಗುಳಿಯ ತಳದಲ್ಲಿ ಕೂತಿದ್ದರೆ ಮುಂದೇನು? ಹತ್ತಿರ ಹೋಗಲು ಆಗುವುದಿಲ್ಲ. ಮೇಲೆತ್ತಿದರೆ ಎಲ್ಲಿಗೆ ಒಯ್ಯುವುದು? ವೆಲ್ಡ್ ಮಾಡಿದ ಮುಚ್ಚಳ ಬಿಚ್ಚುವುದು ಎಲ್ಲಿ? ಏಟು ತಡೆದುಕೊಂಡ ಪೆಟ್ಟಿಗೆಯನ್ನು ಏಟಿನ ನಂತರ ಏನು ಮಾಡುತ್ತೀರಿ ಎಂಬ ಪ್ರಶ್ನೆಯನ್ನು ರೈಲಿನ ಪ್ರದರ್ಶನವೂ ಕೇಳುವುದಿಲ್ಲ, 9 ಮೀಟರ್ ಪರೀಕ್ಷೆಯೂ ಕೇಳುವುದಿಲ್ಲ.

ಇನ್ನೊಂದು ಅನುಮಾನವೂ ಇತ್ತು. ಇಳಿಯುವಾಗ ತಗಲಿ ಗೀರು ಬಿದ್ದಿದ್ದರೆ ಸಮುದ್ರದ ಗಾಳಿಗೆ ಅದು ಮುಂದೆ ತುಕ್ಕಿಗೆ ದಾರಿಯಾಗುವುದಿಲ್ಲವೇ? 2019ರಲ್ಲಿ ರೋಬೋಟ್ ಕ್ಯಾಮೆರಾ ಇಳಿಸಿ, ಗುಳಿಯಲ್ಲಿದ್ದ 8 ಕ್ಯಾನಿಸ್ಟರ್‌ಗಳನ್ನು ನೋಡಿದರು. ಅತಿ ಆಳವಾದ ಗೀರು 0.026 ಇಂಚು. ಗೋಡೆಯ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಇಲ್ಲಿ ನನಗೆ ಇಷ್ಟವಾದದ್ದು ಅಂಕಿಗಿಂತ ಅದನ್ನು ಹೋಗಿ ನೋಡಿದ್ದು. ಗೀರು ಇರಲಾರದು ಎಂದು ಬಾಯಲ್ಲಿ ಹೇಳಿ ಕೈತೊಳೆದುಕೊಳ್ಳಬಹುದಿತ್ತು.

ಬದಲಾದದ್ದು

ಕ್ಯಾನಿಸ್ಟರ್ ಬದಲಾಗಲಿಲ್ಲ. ಗುಳಿ ಬದಲಾಗಲಿಲ್ಲ. ಬಳೆಯೂ ಅದೇ. ಬದಲಾದದ್ದು ನೋಡುವ ರೀತಿ. ಬೆಲ್ಟಿನ ಭಾರ ಅಳೆಯುವ ಉಪಕರಣ ಬಂತು, ಭಾರ ಇದ್ದಕ್ಕಿದ್ದಂತೆ ಇಳಿದರೆ ಕೂಗುವ ಅಲಾರಂ ಬಂತು. ಕಣ್ಣಿಗೆ ಕಾಣದ ಜಾಗಕ್ಕೆ ಕ್ಯಾಮೆರಾ ಬಂತು. ತರಬೇತಿ ಹೆಚ್ಚಿತು, ಕ್ರಮವನ್ನು ಹೊಸದಾಗಿ ಬರೆದರು. ಸ್ಥಾವರದ ಉಸ್ತುವಾರಿ ಬಿಗಿಯಾಯಿತು.

ಭಾರ ತೋರಿಸುವ ಒಂದು ಮೀಟರ್‌ಗೆ ಎಷ್ಟು ಖರ್ಚಾಗುತ್ತದೆ? ಈ ಇಡೀ ಯೋಜನೆಯ ವೆಚ್ಚದ ಮುಂದೆ ಅದು ಲೆಕ್ಕಕ್ಕೇ ಬಾರದು. ಕಟ್ಟಡ ಕೆಲಸದಲ್ಲಿ ಕ್ರೇನ್ ನಡೆಸುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ನಿಮ್ಮ ಲೋಡ್ ಕಾಣದ ಕಡೆ ಇಳಿಯುತ್ತಿದ್ದರೆ, ಸ್ಲಿಂಗ್ ಸಡಿಲವಾದ ಕೂಡಲೇ ಇನ್ನಷ್ಟು ಬಿಡಬೇಡಿ. ಅಲ್ಲೇ ನಿಲ್ಲಿಸಿ. ಎಷ್ಟು ಇಳಿದಿದೆ, ಎಷ್ಟು ಇಳಿಯಬೇಕಿತ್ತು ಎಂದು ಕೇಳಿ. ಎರಡೂ ಹೊಂದಿದರೆ ಮಾತ್ರ ಮುಂದಕ್ಕೆ.

2019ರ ಜುಲೈನಲ್ಲಿ ಕೆಲಸ ಮತ್ತೆ ಶುರುವಾಯಿತು. 2020ರ ಆಗಸ್ಟ್‌ನಲ್ಲಿ 73ನೇ ಕ್ಯಾನಿಸ್ಟರ್ ಗುಳಿಗೆ ಇಳಿಯಿತು. ಇಂಧನಕ್ಕೆ ಹೋಗಲು ಬೇರೆ ಜಾಗ ಸಿಕ್ಕುವವರೆಗೆ ಅವು ಅಲ್ಲೇ, ಅಲೆಯ ಸದ್ದು ಕೇಳುವಷ್ಟು ಹತ್ತಿರದಲ್ಲಿ ಇರುತ್ತವೆ. ಆ ಜಾಗ ಸಿಕ್ಕ ದಿನ 73 ಕ್ಯಾನಿಸ್ಟರ್‌ಗಳನ್ನೂ ಅದೇ ಬಿಗಿಯಾದ ಗುಳಿಗಳಿಂದ, ಅದೇ ಬಳೆಯನ್ನು ದಾಟಿಸಿ, ಬೆಲ್ಟಿನಲ್ಲಿ ಮೇಲೆತ್ತಬೇಕು. ಆಗ ಯಂತ್ರದ ಮುಂದೆ ನಿಲ್ಲುವವರು ಬೇರೆಯವರಾಗಿರುತ್ತಾರೆ. 2018ರ ಆಗಸ್ಟ್ 3ರಂದು ಇದ್ದ ಯಾರೂ ಬಹುಶಃ ಅಲ್ಲಿ ಇರುವುದಿಲ್ಲ.